ಟೆನಿಸ್ ರಾಣಿ ಸುಜಾನ್ ಲೆಂಗ್ಲೆನ್

ಚೆನ್ನೈ ನಗರದಲ್ಲಿ ಕಾರ್ತಿಕದ ಮಳೆ ಹಿಡಿಯಿತೆಂದರೆ ನಮ್ಮ ಶಾಲೆಯ ಆಟದ ಬಯಲು ಕೆರೆಯಾಗುತ್ತದೆ. ಆಟವಿಲ್ಲದ ಮಕ್ಕಳಿಗೆ ಮಾತೇ ಆಟ. ಅಂತಹ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಕೆಲವರು ಜಗಲಿಯಲ್ಲಿ ಕುಳಿತು, ಲೋಕವು ಕಂಡ ಟೆನಿಸ್ ಆಟಗಾರ್ತಿಯರಲ್ಲಿ ಸರ್ವಶ್ರೇಷ್ಠಳು ಯಾರು ಎಂದು ವಾದಿಸುತ್ತಿದ್ದರು. ವಾದವು ಕೂಗಾಟಕ್ಕೆ ತಿರುಗಿದ್ದರಿಂದ ನಾನು ಹೊರಗೆ ಬಂದೆ. ಗದರಿಸುವುದಕ್ಕೆ ಮೊದಲೇ ಅವರು ಒಂದು ಕಾಗದವನ್ನು ನನ್ನ ಕೈಗಿತ್ತು ತೀರ್ಪು ಕೇಳಿದರು. ಅದರಲ್ಲಿ ಹೆಸರುಗಳೂ ಹೆಸರುಗಳ ಮುಂದೆ ಅಂಕಿಗಳೂ ಇದ್ದವು. ಮಾರ್ಗರೆಟ್ ಕೋರ್ಟ್ ೨೪, ಸೆರೀನಾ ವಿಲಿಯಮ್ಸ್ ೨೩, ಸ್ಟೆಫಿ ಗ್ರಾಫ್ ೨೨, ಹೆಲೆನ್ ವಿಲ್ಸ್ ೧೯, ಕ್ರಿಸ್ ಎವರ್ಟ್ ಮತ್ತು ಮಾರ್ಟಿನಾ ನವ್ರಾಟಿಲೋವಾ ತಲಾ ೧೮. ಗ್ರ್ಯಾಂಡ್ ಸ್ಲಾಮ್ ಎನಿಸಿಕೊಳ್ಳುವ ನಾಲ್ಕು ಮಹಾಸ್ಪರ್ಧೆಗಳ ಸಿಂಗಲ್ಸ್ ಆಟವನ್ನು ಒಬ್ಬೊಬ್ಬರು ಗೆದ್ದ ಸಲಗಳು ಇವು. ಅಂಕಿಗಳಲ್ಲಿ ತಪ್ಪಿರಲಿಲ್ಲ. ದೊಡ್ಡ ಅಂಕಿಯವಳೇ ದೊಡ್ಡವಳು ಎಂಬುದು ಒಂದು ಗುಂಪಿನ ನ್ಯಾಯ; ತಾವು ಕಣ್ಣಾರೆ ಕಂಡವಳೇ ದೊಡ್ಡವಳು ಎಂಬುದು ಇನ್ನೊಂದು ಗುಂಪಿನ ನ್ಯಾಯ.

ತೀರ್ಪು ಕೊಡಲು ನನಗೆ ಬಾಯಿ ಬರಲಿಲ್ಲ. ಆ ಕಾಗದದಲ್ಲಿಲ್ಲದ ಒಂದು ಹೆಸರು ನೆನಪಾಗಿತ್ತು. ಅದರ ಮುಂದೆ ಬರೆಯಬಹುದಾದ ಅಂಕಿ ಕೇವಲ ೮. ಆದರೆ ಆ ಹೆಸರಿನ ಹೆಣ್ಣುಮಗಳು ೧೯೧೯ರಿಂದ ೧೯೨೬ರವರೆಗೆ, ಏಳು ವರ್ಷಗಳ ಕಾಲ, ಸಿಂಗಲ್ಸ್ ಆಟದಲ್ಲಿ ಸೋತದ್ದು ಒಂದೇ ಒಂದು ಸಲ. ಆ ಒಂದು ಸೋಲು ಕೂಡ ಪೂರ್ತಿ ಆಡಿ ಮುಗಿಸಿದ ಪಂದ್ಯದಲ್ಲಿ ಬಂದದ್ದಲ್ಲ. ಆಕೆಯೇ ಫ್ರಾನ್ಸ್ ದೇಶದ ಸುಜಾನ್ ಲೆಂಗ್ಲೆನ್. ಆ ದಿನ ಮಕ್ಕಳಿಗೆ ಹೇಳಲು ಸಮಯ ಸಾಲದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಸುಜಾನ್ ಹುಟ್ಟಿದ್ದು ೧೮೯೯ನೆಯ ಮೇ ೨೪ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಶಾರ್ಲ್ ಲೆಂಗ್ಲೆನ್ ಸ್ಥಿತಿವಂತ. ಕುದುರೆಗಳು ಎಳೆಯುವ ಬಸ್ಸುಗಳನ್ನು ನಡೆಸುವ ಉದ್ಯಮವು ಪಿತ್ರಾರ್ಜಿತವಾಗಿ ಬಂದಿತ್ತು; ಅದನ್ನು ಮಾರಿ ನೆಮ್ಮದಿಯಾಗಿದ್ದ. ಬೇಸಗೆಯಲ್ಲಿ ಕಾಂಪಿಯೇನ್ ಪಟ್ಟಣದ ಸಮೀಪದ ಹಳ್ಳಿಮನೆ, ಚಳಿಗಾಲದಲ್ಲಿ ದಕ್ಷಿಣದ ಕಡಲತೀರದ ನೀಸ್ ಪಟ್ಟಣ, ಹೀಗೆ ಆ ಕುಟುಂಬದ ವಾಸ. ಮಗಳಾದರೋ ಹುಟ್ಟಿನಿಂದ ನಿತ್ಯರೋಗಿ. ಉಬ್ಬಸದ ಕಾಟ ಅವಳನ್ನು ಕೊನೆಯವರೆಗೂ ಬಿಡಲಿಲ್ಲ. ಮೈಗೆ ಸ್ವಲ್ಪ ಕಸುವು ಬರಲೆಂದು ತಂದೆ ೧೯೧೦ರಲ್ಲಿ ಅವಳಿಗೊಂದು ರಾಕೆಟ್ಟನ್ನು ತಂದುಕೊಟ್ಟ. ಹನ್ನೊಂದು ವರ್ಷದ ಹುಡುಗಿ ಕೆಲವೇ ತಿಂಗಳಲ್ಲಿ ದೊಡ್ಡವರನ್ನು ಬೆರಗುಗೊಳಿಸುವಂತೆ ಆಡತೊಡಗಿದಳು. ಅದಕ್ಕೂ ಮುಂಚೆ ಆಕೆ ನೀಸಿನ ಕಡಲ ದಂಡೆಯ ಹಾದಿಯಲ್ಲಿ ದಾರದ ಮೇಲೆ ಉರುಳೆಯನ್ನು ಎಸೆದು ಹಿಡಿಯುವ ಡಯಾಬೊಲೊ ಎಂಬ ಆಟವನ್ನು ಹೋಗಿಬರುವವರ ಮುಂದೆ ಅಂಜದೆ ಆಡುತ್ತಿದ್ದಳು. ನೆರೆದ ಜನರ ಕಣ್ಣೆದುರು ಆಡುವ ಧೈರ್ಯವನ್ನು ಕಲಿಸಿದ್ದು ಆ ಆಟವೇ ಎಂದು ತಂದೆಯ ನಂಬಿಕೆ.

ಶಾರ್ಲ್ ಲೆಂಗ್ಲೆನ್ ಸ್ವತಃ ಹೇಳಿಕೊಳ್ಳುವಂತಹ ಆಟಗಾರನಲ್ಲ. ಆದರೆ ನೋಡುವ ಕಣ್ಣಿತ್ತು. ನೀಸಿನ ಅವರ ಮನೆಯ ಎದುರಿಗೇ ಟೆನಿಸ್ ಸಂಘದ ಅಂಗಣಗಳಿದ್ದವು. ಅಲ್ಲಿಗೆ ಬರುತ್ತಿದ್ದ ಒಳ್ಳೆಯ ಗಂಡಸರ ಆಟವನ್ನು ಗಮನಿಸಿ, ಹೆಂಗಸರು ಯಾಕೆ ಹೀಗೆಯೇ ಆಡಬಾರದು ಎಂದು ಯೋಚಿಸಿದ. ಆ ಕಾಲದ ಮಹಿಳೆಯರು ಬಹುಮಟ್ಟಿಗೆ ಹಿಂದಿನ ಗೆರೆಯ ಬಳಿ ನಿಂತು ಚೆಂಡನ್ನು ಅತ್ತಿತ್ತ ಕಳಿಸುತ್ತ ಎದುರಾಳಿ ತಪ್ಪುವುದನ್ನು ಕಾಯುತ್ತಿದ್ದರು. ಸುಜಾನಳಿಗೆ ತಂದೆ ಕಲಿಸಿದ್ದು ಮುನ್ನುಗ್ಗಿ, ಚೆಂಡು ನೆಲ ಮುಟ್ಟುವ ಮುನ್ನವೇ ಹೊಡೆಯುವುದನ್ನು. ಅವಳ ಅಭ್ಯಾಸವೂ ಗಂಡಸರೊಡನೆಯೇ ಆಗಿತ್ತು. ಎದುರಂಗಣದ ಒಂದೊಂದು ಮೂಲೆಯಲ್ಲಿ ಕರವಸ್ತ್ರವನ್ನು ಹಾಸಿ, ಅದರ ಮೇಲೆಯೇ ಚೆಂಡು ಬೀಳಬೇಕೆಂದು ತಂದೆಯ ಕಟ್ಟಪ್ಪಣೆ. ಬಿದ್ದರೆ ಕರವಸ್ತ್ರವನ್ನು ಮಡಿಸಿ ಇನ್ನೂ ಚಿಕ್ಕದು ಮಾಡುವನು. ತಪ್ಪಿದರೆ ಎಲ್ಲರ ಎದುರಿಗೇ ಬೈಗಳು. ಗಂಟೆಗಟ್ಟಲೆ ಈ ಸಾಧನೆ ನಡೆಯಿತು. ಮುಂದೆ ಆಕೆಯ ಚೆಂಡು ಇಂಥಲ್ಲಿ ಬೀಳಬೇಕೆಂದರೆ ಅಲ್ಲಿಯೇ ಬೀಳುವುದೆಂದು ಲೋಕವು ಹೊಗಳಿದಾಗ ಅದರ ಹಿಂದೆ ಆ ಕರವಸ್ತ್ರವಿತ್ತು, ಆ ಬೈಗಳೂ ಇದ್ದವು. ಮಗಳ ಗೆಲುವನ್ನೆಲ್ಲ ಕಟ್ಟಿಕೊಟ್ಟವನು ಈ ತಂದೆ. ಸೋಲೆಂದರೆ ಸಾವೆಂಬ ಭಯವನ್ನು ಅವಳೊಳಗೆ ಬಿತ್ತಿದವನೂ ಇವನೇ ಎಂದು ನನಗೆ ತೋರುತ್ತದೆ.

೧೯೧೪ರ ಮೇ ತಿಂಗಳಲ್ಲಿ, ಇನ್ನೂ ಹದಿನೈದು ತುಂಬುವುದಕ್ಕೆ ಮೊದಲೇ, ಆಕೆ ಫ್ರಾನ್ಸಿನ ರಾಷ್ಟ್ರೀಯ ಸ್ಪರ್ಧೆಯ ಅಂತಿಮ ಪಂದ್ಯವನ್ನು ಮುಟ್ಟಿದಳು. ಅಲ್ಲಿ ಮಾರ್ಗರೀತ್ ಬ್ರೋಕೆದಿಸ್ ಎಂಬ ಅನುಭವಿ ಆಟಗಾರ್ತಿಯೊಡನೆ ಮೊದಲ ಸೆಟ್ಟನ್ನು ಗೆದ್ದು, ಮುಂದಿನ ಎರಡನ್ನು ಸೋತಳು. ಕೆಲವೇ ದಿನಗಳಲ್ಲಿ ಪ್ಯಾರಿಸಿನ ಅಂಚಿನ ಸೇಂಟ್ ಕ್ಲೌಡ್‌ನಲ್ಲಿ ಮಣ್ಣಿನಂಗಣದ ವಿಶ್ವಸ್ಪರ್ಧೆ ನಡೆಯಿತು. ಆಗತಾನೆ ಹದಿನೈದು ತುಂಬಿದ್ದ ಬಾಲೆ ಅದನ್ನು ಗೆದ್ದೇಬಿಟ್ಟಳು. ಲೋಕ ಅವಳನ್ನು ಗುರುತಿಸುವ ಹೊತ್ತಿಗೆ ಸರಿಯಾಗಿ ಆಗಸ್ಟಿನಲ್ಲಿ ಮಹಾಯುದ್ಧ ಸಿಡಿಯಿತು. ಮುಂದಿನ ನಾಲ್ಕು ವರ್ಷಗಳ ಕಾಲ ಯುರೋಪಿನಲ್ಲಿ ದೊಡ್ಡ ಸ್ಪರ್ಧೆಗಳೇ ಇಲ್ಲ. ಸುಜಾನ್ ನೀಸಿನಲ್ಲಿ ಅಭ್ಯಾಸ ಮಾಡುತ್ತ, ಗಾಯಾಳುಗಳ ನೆರವಿಗೆಂದು ಪ್ರದರ್ಶನ ಪಂದ್ಯಗಳನ್ನು ಆಡುತ್ತ ಇದ್ದಳು. ಹದಿನೈದರಿಂದ ಹತ್ತೊಂಬತ್ತರವರೆಗಿನ ವಯಸ್ಸು ಆಟಗಾರ್ತಿಗೆ ಎಂತಹುದೆಂಬುದನ್ನು ನಮ್ಮ ಮಕ್ಕಳು ಬಲ್ಲರು. ಅವಳ ಲೆಕ್ಕದಲ್ಲಿ ಆ ವರ್ಷಗಳ ಎದುರಿಗೆ ಬರೀ ಸೊನ್ನೆ.

ಯುದ್ಧ ಮುಗಿದು ೧೯೧೯ರಲ್ಲಿ ವಿಂಬಲ್ಡನ್ ಮತ್ತೆ ತೆರೆಯಿತು. ಸುಜಾನ್ ಆವರೆಗೆ ಹುಲ್ಲಿನ ಅಂಗಣದಲ್ಲಿ ಸ್ಪರ್ಧಿಸಿದವಳೇ ಅಲ್ಲ. ಆ ದಿನಗಳಲ್ಲಿ ಹಿಂದಿನ ಸಲದ ವಿಜೇತಳು ಸುತ್ತುಗಳನ್ನಾಡದೆ ಕಾದಿರುತ್ತಿದ್ದಳು. ಉಳಿದವರಲ್ಲಿ ಗೆದ್ದು ಬಂದವಳು ಅವಳಿಗೆ ಸವಾಲು ಹಾಕಬೇಕು. ಹಾಗೆ ಕಾದಿದ್ದವಳು ಡೊರೋಥಿಯಾ ಲ್ಯಾಂಬರ್ಟ್ ಚೇಂಬರ್ಸ್. ಏಳು ಸಲ ವಿಂಬಲ್ಡನ್ ಗೆದ್ದವಳು, ವಯಸ್ಸು ನಲವತ್ತು. ಕಣಕಾಲಿಗೆ ಇಳಿದ ಲಂಗ, ಮಣಿಕಟ್ಟಿನವರೆಗಿನ ತೋಳು, ಕತ್ತು ಮುಚ್ಚಿದ ಕುಪ್ಪಸ. ಇದು ಆಕೆಯ ಉಡುಪು. ಎದುರಿಗೆ ಇಪ್ಪತ್ತರ ಫ್ರೆಂಚ್ ಹುಡುಗಿ. ಮೀನಖಂಡದವರೆಗೆ ಮಾತ್ರ ಇಳಿದ ಉಡುಪು, ಗಿಡ್ಡ ತೋಳು, ಒಳಗೆ ಮೈಯನ್ನು ಬಿಗಿಯುವ ಪಟ್ಟಿಗಳೊಂದೂ ಇಲ್ಲ. ಕೆಲವು ಪತ್ರಿಕೆಗಳಿಗೆ ಇದು ಅಸಭ್ಯವಾಗಿ ಕಂಡಿತು. ಇಂದು ನೋಡಿದರೆ ಆ ಉಡುಪು ನಮ್ಮ ಶಾಲೆಯ ಸಮವಸ್ತ್ರಕ್ಕಿಂತ ಉದ್ದವಾಗಿದೆ! ಮುಂದೆ ಆಕೆ ತಲೆಗೆ ಬಣ್ಣದ ರೇಷ್ಮೆಯ ಪಟ್ಟಿಯನ್ನು ಸುತ್ತಿಕೊಂಡು ಆಡತೊಡಗಿದ ಮೇಲೆ ಪ್ಯಾರಿಸ್, ಲಂಡನ್ ನಗರಗಳ ಹೆಣ್ಣುಮಕ್ಕಳೆಲ್ಲ ಅದನ್ನೇ ಅನುಕರಿಸಿದರು. ಓಡಬೇಕಾದವಳಿಗೆ ಓಡಲು ಬರುವಂತಹ ಬಟ್ಟೆ ಬೇಕು ಎಂಬ ಸರಳ ಸಂಗತಿಯನ್ನು ಆಕೆ ಯಾವ ಭಾಷಣವನ್ನೂ ಮಾಡದೆ ಒಪ್ಪಿಸಿದಳು.

ಜುಲೈ ೫ರಂದು ಐದನೆಯ ಜಾರ್ಜ್ ದೊರೆ ಮತ್ತು ಮೇರಿ ರಾಣಿಯವರ ಸಮ್ಮುಖದಲ್ಲಿ ಆ ಪಂದ್ಯ ನಡೆಯಿತು. ಮೊದಲ ಸೆಟ್ಟು ೧೦-೮ರಿಂದ ಸುಜಾನಳದು. ಎರಡನೆಯದು ೬-೪ರಿಂದ ಚೇಂಬರ್ಸಳದು. ಹುಡುಗಿಯ ಉಸಿರು ಕುಸಿಯತೊಡಗಿತು. ಶಾಲೆಯ ಪತ್ರಿಕೆಯಲ್ಲಿ ಬರೆಯಲು ಸಂಕೋಚವಾದರೂ ನಡೆದದ್ದನ್ನು ಮುಚ್ಚಿಡಲಾರೆ: ತಂದೆ ಪ್ರೇಕ್ಷಕರ ನಡುವಿನಿಂದ ಬ್ರಾಂದಿಯಲ್ಲಿ ನೆನೆಸಿದ ಸಕ್ಕರೆಯ ತುಂಡುಗಳನ್ನು ಎಸೆದ, ಮಗಳು ಅದನ್ನು ಬಾಯಿಗೆ ಹಾಕಿಕೊಂಡು ಆಟವನ್ನು ಮುಂದುವರಿಸಿದಳು. ಮೂರನೆಯ ಸೆಟ್ಟಿನಲ್ಲಿ ೪-೧ರ ಮುನ್ನಡೆ ದೊರಕಿತು, ದೊರಕಿದ್ದು ಕರಗಿಯೂ ಹೋಯಿತು. ಚೇಂಬರ್ಸ್ ೬-೫ಕ್ಕೆ ಏರಿದಳು. ಆ ಗೇಮಿನಲ್ಲಿ ೪೦-೧೫. ಎರಡು ಅಂಕಗಳಲ್ಲಿ ಒಂದು ಬಂದರೆ ಸಾಕು, ಪಂದ್ಯ ಅವಳದು. ಆಗ ಸುಜಾನ್ ಓಡಿಬಂದು ಚಾಚಿದ ರಾಕೆಟ್ಟಿನ ತಂತಿಗಲ್ಲ, ಮರದ ಚೌಕಟ್ಟಿಗೆ ಚೆಂಡು ತಗುಲಿತು. ತಗುಲಿ, ಹೇಗೋ ನೆಟ್ಟನ್ನು ದಾಟಿ ಆಚೆಗೆ ಬಿತ್ತು. ಎರಡನೆಯ ಅಂಕವನ್ನೂ ಆಕೆ ಉಳಿಸಿಕೊಂಡಳು. ಕೊನೆಗೆ ೯-೭ರಿಂದ ಗೆದ್ದಳು. ಒಟ್ಟು ೪೪ ಗೇಮುಗಳು. ೧೯೭೦ರಲ್ಲಿ ಮಾರ್ಗರೆಟ್ ಕೋರ್ಟ್ ಮತ್ತು ಬಿಲ್ಲಿ ಜೀನ್ ಕಿಂಗ್ ೪೬ ಗೇಮುಗಳನ್ನಾಡುವವರೆಗೆ ವಿಂಬಲ್ಡನ್ನಿನ ಮಹಿಳೆಯರ ಅಂತಿಮ ಪಂದ್ಯಗಳಲ್ಲಿ ಅದೇ ಅತಿ ದೀರ್ಘವಾದುದು. ಚೆಂಡು ಆ ಮರದ ಅಂಚಿನಿಂದ ಒಂದು ಬೆರಳು ಈಚೆಗೆ ಬಿದ್ದಿದ್ದರೆ ಹಳೆಯ ಕಾಲ ಇನ್ನೊಂದು ವರ್ಷ ಗೆಲ್ಲುತ್ತಿತ್ತು. ಅಂಕಿಗಳನ್ನು ಎಣಿಸುವವರು ಇಂತಹ ಚೆಂಡುಗಳನ್ನು ಯಾವ ಮನೆಯಲ್ಲಿ ಬರೆಯುತ್ತಾರೋ ಕಾಣೆ.

ಮುಂದಿನದನ್ನು ಬೇಗನೆ ಹೇಳಬಹುದು. ೧೯೨೦, ೨೧, ೨೨, ೨೩ ಮತ್ತು ೨೫ರಲ್ಲಿಯೂ ವಿಂಬಲ್ಡನ್ ಆಕೆಯದೇ. ಎಲಿಜಬೆತ್ ರಯಾನಳ ಜೊತೆಗೂಡಿ ಆರು ಸಲ ಡಬಲ್ಸ್ ಪ್ರಶಸ್ತಿಯನ್ನೂ ಗೆದ್ದಳು. ೧೯೨೦ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಹತ್ತು ಸೆಟ್ಟುಗಳನ್ನಾಡಿ ಬಿಟ್ಟುಕೊಟ್ಟದ್ದು ನಾಲ್ಕೇ ಗೇಮು. ಸಿಂಗಲ್ಸಿನ ಚಿನ್ನದ ಜೊತೆಗೆ ಮಿಶ್ರ ಡಬಲ್ಸಿನಲ್ಲಿಯೂ ಚಿನ್ನ. ಜನ ಟೆನಿಸ್ ನೋಡಲು ಬರುತ್ತಿದ್ದರೋ ಸುಜಾನಳನ್ನು ನೋಡಲು ಬರುತ್ತಿದ್ದರೋ ಹೇಳುವುದು ಕಷ್ಟ. ಚೆಂಡಿನ ಹಿಂದೆ ಆಕೆ ಚಿಮ್ಮುತ್ತಿದ್ದ ರೀತಿಯನ್ನು ನರ್ತನಕ್ಕೆ ಹೋಲಿಸದ ವರದಿಗಾರನಿರಲಿಲ್ಲ. ವಿಂಬಲ್ಡನ್ನಿನ ಹಳೆಯ ಅಂಗಣ ಆ ಜನಸಂದಣಿಗೆ ಸಾಲದೆ ಹೋಯಿತು. ೧೯೨೨ರಲ್ಲಿ ಸ್ಪರ್ಧೆಯು ಈಗಿರುವ ವಿಶಾಲವಾದ ಸ್ಥಳಕ್ಕೆ ಬಂದುದಕ್ಕೆ ಆಕೆಯೂ ಒಂದು ಕಾರಣ.

ಆದರೆ ೧೯೨೧ರ ಆಗಸ್ಟ್ ತಿಂಗಳನ್ನು ಬೇಗನೆ ದಾಟುವಂತಿಲ್ಲ. ಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಊರುಗಳಿಗೆ ನಿಧಿ ಕೂಡಿಸಲೆಂದು ಸುಜಾನ್ ಹಡಗಿನಲ್ಲಿ ಅಮೆರಿಕೆಗೆ ಹೋದಳು. ತಂದೆ ಜೊತೆಗೆ ಹೋಗಲಿಲ್ಲ. ಅಲ್ಲಿನ ರಾಷ್ಟ್ರೀಯ ಸ್ಪರ್ಧೆಯಲ್ಲಿಯೂ ಹೆಸರು ಕೊಟ್ಟಿದ್ದಳು. ಪ್ರಬಲರು ಮೊದಲೇ ಎದುರಾಗದಂತೆ ಹಂಚುವ ಪದ್ಧತಿ ಆಗ ಅಲ್ಲಿರಲಿಲ್ಲ. ಮೊದಲ ಸುತ್ತಿನ ಎದುರಾಳಿ ಆಡಲು ಬರದಿದ್ದುದರಿಂದ ಒಂದು ಪಂದ್ಯವನ್ನೂ ಆಡದೆ, ಎರಡನೆಯ ಸುತ್ತಿನಲ್ಲೇ, ಆ ದೇಶದ ವಿಜೇತಳಾದ ಮೊಲ್ಲಾ ಮ್ಯಾಲರಿಯನ್ನು ಎದುರಿಸಬೇಕಾಯಿತು. ಪ್ರಯಾಣದಿಂದ ಮೈ ಕೆಟ್ಟಿತ್ತು, ಕೆಮ್ಮು ಬಿಡದು. ಮೊದಲ ಸೆಟ್ಟು ೨-೬ರಿಂದ ಹೋಯಿತು. ಎರಡನೆಯ ಸೆಟ್ಟಿನ ಮೊದಲ ಗೇಮಿನಲ್ಲಿ ಎರಡು ಅಂಕ ಕಳೆದುಕೊಂಡವಳು ಪಂಚನ ಬಳಿಗೆ ಬಂದು, ತಾನು ಆಡಲಾರೆನೆಂದು ತಿಳಿಸಿ, ಕೆಮ್ಮುತ್ತ, ಅಳುತ್ತ ಅಂಗಣದಿಂದ ಹೊರಟುಹೋದಳು. ಬೀಳ್ಕೊಡುವಾಗ ಚಪ್ಪಾಳೆಯ ಬದಲು ಸಿಳ್ಳುಗಳು ಕೇಳಿದವು. ಸೋಲು ಖಚಿತವೆಂದು ಕಂಡಾಗ ಕಾಯಿಲೆಯ ನೆಪ ಮಾಡಿದಳೆಂದು ಪತ್ರಿಕೆಗಳು ಆಡಿಕೊಂಡವು.

ಕಾಯಿಲೆ ನಿಜ. ಆದರೂ ಎದುರಾಳಿಗೆ ಪೂರ್ತಿಯಾಗಿ ಗೆಲ್ಲುವ ಗೌರವವನ್ನು ಕೊಡದೆ ಹೊರಟದ್ದು ಸರಿಯೆಂದು ನಾನು ಹೇಳಲಾರೆ. ಸೋತು ನಿಂತು ಕೈಕುಲುಕುವ ವಿದ್ಯೆಯನ್ನು ಆ ತಂದೆ ಮಗಳಿಗೆ ಕಲಿಸಿರಲಿಲ್ಲ. ಮರುವರ್ಷದ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಅದೇ ಮ್ಯಾಲರಿ ಎದುರಾದಳು. ಸುಜಾನ್ ೬-೨, ೬-೦ರಿಂದ ಗೆದ್ದದ್ದು ಇಪ್ಪತ್ತಾರೇ ನಿಮಿಷಗಳಲ್ಲಿ. ಸಾಲ ತೀರಿತೆಂದು ಅವಳ ಅಭಿಮಾನಿಗಳು ಹಿಗ್ಗಿದರು. ನನಗೇನೋ ಅಂಥ ಸಾಲ ತೀರುವ ಬಗೆ ಅದಲ್ಲವೆನಿಸುತ್ತದೆ. ಅಮೆರಿಕೆಯ ಆ ಸ್ಪರ್ಧೆಗೆ ಆಕೆ ಮತ್ತೆಂದೂ ಹೋಗಲಿಲ್ಲ.

೧೯೨೪ರಲ್ಲಿ ಕಾಮಾಲೆ ಬಂದು ಶರೀರ ಸೊರಗಿತು. ವಿಂಬಲ್ಡನ್ನಿನಲ್ಲಿ ಗೆಳತಿ ರಯಾನ್ ಆಕೆಯಿಂದ ಒಂದು ಸೆಟ್ಟನ್ನು ಕಿತ್ತುಕೊಂಡಳು. ಲೆಂಗ್ಲೆನ್ ಒಂದು ಸೆಟ್ಟು ಸೋತಳೆಂಬುದೇ ಅಂದಿನ ಸುದ್ದಿ. ಆ ಪಂದ್ಯವನ್ನು ಗೆದ್ದ ಮೇಲೆ ಮುಂದೆ ಆಡಲಾರದೆ ಹಿಂದೆ ಸರಿದಳು. ಅದೇ ಬೇಸಗೆ ತನ್ನ ಊರಾದ ಪ್ಯಾರಿಸಿನಲ್ಲೇ ನಡೆದ ಒಲಿಂಪಿಕ್ಸಿಗೂ ಹೋಗಲಾಗಲಿಲ್ಲ. ಮರುವರ್ಷ ಎದ್ದು ಬಂದವಳು ಇಡೀ ವಿಂಬಲ್ಡನ್ನಿನ ಸಿಂಗಲ್ಸಿನಲ್ಲಿ, ಐದು ಪಂದ್ಯಗಳಲ್ಲಿ, ಸೋತದ್ದು ಐದೇ ಗೇಮು. ಇದಕ್ಕಿಂತ ಮೇಲಾದ ಆಟ ಹೇಗಿರುತ್ತದೆಂಬುದನ್ನು ಊಹಿಸುವುದು ಕಠಿನ.

ಈ ನಡುವೆ ಪ್ಯಾರಿಸ್ ಒಲಿಂಪಿಕ್ಸಿನ ಚಿನ್ನವನ್ನು ಗೆದ್ದವಳು ಅಮೆರಿಕೆಯ ಹೆಲೆನ್ ವಿಲ್ಸ್. ಮೂರು ವರ್ಷ ಸಾಲಾಗಿ ತನ್ನ ದೇಶದ ಪ್ರಶಸ್ತಿಯನ್ನು ಪಡೆದಿದ್ದ ಇಪ್ಪತ್ತರ ತರುಣಿ. ಮುಖದಲ್ಲಿ ಹರ್ಷವಾಗಲಿ ವಿಷಾದವಾಗಲಿ ಕಾಣದಂತೆ ಆಡುವವಳು. ೧೯೨೬ರ ಚಳಿಗಾಲದಲ್ಲಿ ಆಕೆ ಫ್ರಾನ್ಸಿನ ದಕ್ಷಿಣ ತೀರಕ್ಕೆ ಬಂದಳು. ಇಬ್ಬರಲ್ಲಿ ಯಾರು ಶ್ರೇಷ್ಠರೆಂಬ ವಾದ ಅಂದಿನ ಪತ್ರಿಕೆಗಳನ್ನೆಲ್ಲ ತುಂಬಿತ್ತು. ನಮ್ಮ ಜಗಲಿಯ ವಾದ ಹೊಸದೇನೂ ಅಲ್ಲ. ಅಂದಿನವರಿಗಿದ್ದ ಸೌಕರ್ಯವೆಂದರೆ ಇಬ್ಬರನ್ನೂ ಒಂದೇ ಅಂಗಣಕ್ಕೆ ಕರೆಯಬಹುದಾಗಿತ್ತು. ಫೆಬ್ರವರಿ ೧೬ರಂದು ಕಾನ್ ಪಟ್ಟಣದ ಕಾರ್ಲ್‌ಟನ್ ಸಂಘದಲ್ಲಿ ಅವರಿಬ್ಬರು ಎದುರೆದುರು ನಿಂತರು. ಸ್ವೀಡನ್ನಿನ ದೊರೆ ಐದನೆಯ ಗುಸ್ತಾವ್ ಬಂದಿದ್ದ. ಈ ತಮಿಳುನಾಡಿನದೇ ಆದ ಪುದುಕ್ಕೋಟೆಯ ರಾಜದಂಪತಿಗಳೂ ಪ್ರೇಕ್ಷಕರಲ್ಲಿದ್ದರು. ಒಳಗೆ ಜಾಗ ಸಿಗದವರು ಸುತ್ತಲಿನ ಮನೆಗಳ ಮಾಡುಗಳನ್ನೂ ಮರಗಳನ್ನೂ ಏರಿದ್ದರು.

ಮೊದಲ ಸೆಟ್ಟನ್ನು ಸುಜಾನ್ ೬-೩ರಿಂದ ಗೆದ್ದಳು. ಎರಡನೆಯದರಲ್ಲಿ ವಿಲ್ಸಳ ಬಲವಾದ ಹೊಡೆತಗಳು ಆಕೆಯನ್ನು ಹಣ್ಣುಮಾಡಿದವು. ಅಂತೂ ೬-೫ಕ್ಕೆ ಏರಿ, ೪೦-೧೫ರಲ್ಲಿ ನಿಂತಾಗ ವಿಲ್ಸ್ ಹೊಡೆದ ಚೆಂಡು ಗೆರೆಯ ಬಳಿ ಬಿತ್ತು. ಹೊರಗೆ ಬಿತ್ತೆಂದು ಕೂಗು ಕೇಳಿಸಿತು. ಆಟ ಮುಗಿಯಿತೆಂದು ಇಬ್ಬರೂ ಕೈಕುಲುಕಿದರು. ಜನ ಅಂಗಣದೊಳಕ್ಕೆ ನುಗ್ಗಿದರು. ಅಷ್ಟರಲ್ಲಿ ಗೆರೆಯನ್ನು ಕಾಯುತ್ತಿದ್ದ ಲಾರ್ಡ್ ಚಾರ್ಲ್ಸ್ ಹೋಪ್ ಪಂಚನ ಬಳಿಗೆ ಬಂದು, ಕೂಗಿದವನು ತಾನಲ್ಲವೆಂದೂ ಚೆಂಡು ಒಳಗೇ ಬಿದ್ದಿತೆಂದೂ ತಿಳಿಸಿದ. ಕೂಗು ಯಾರೋ ಪ್ರೇಕ್ಷಕನದು. ಗೆದ್ದೆನೆಂದು ಉಸಿರು ಬಿಟ್ಟಿದ್ದವಳು ಮತ್ತೆ ರಾಕೆಟ್ಟು ಹಿಡಿಯಬೇಕು. ಐದು ವರ್ಷಗಳ ಹಿಂದೆ ನ್ಯೂಯಾರ್ಕಿನಲ್ಲಿ ಹೊರಟುಹೋದವಳು ಈ ಸಲ ಮರುಮಾತಿಲ್ಲದೆ ತನ್ನ ಸ್ಥಾನಕ್ಕೆ ಮರಳಿದಳು. ಆ ಗೇಮು ಕೈತಪ್ಪಿ ೬-೬ ಆಯಿತು. ಬಳಿಕ ಎರಡು ಗೇಮುಗಳನ್ನು ಗೆದ್ದು ೮-೬ರಿಂದ ಪಂದ್ಯವನ್ನು ಮುಗಿಸಿದಳು. ಆಕೆಯ ಆಟಗಳಲ್ಲಿ ವಿಂಬಲ್ಡನ್ನಿನ ಆರು ಗೆಲುವುಗಳಿಗಿಂತ ನನಗೆ ದೊಡ್ಡದಾಗಿ ತೋರುವುದು ಮರಳಿ ಬಂದ ಆ ನಾಲ್ಕು ಹೆಜ್ಜೆ. ಅದಕ್ಕೆ ಯಾವ ಪಟ್ಟಿಯಲ್ಲಿಯೂ ಅಂಕವಿಲ್ಲ. ಕಾನ್ ಪಟ್ಟಣದ ಸ್ಪರ್ಧೆ ಗ್ರ್ಯಾಂಡ್ ಸ್ಲಾಮುಗಳಲ್ಲಿ ಸೇರಿದುದಲ್ಲ.

ಅವರಿಬ್ಬರೂ ಮತ್ತೆ ಎದುರಾಗಲಿಲ್ಲ. ಆ ಬೇಸಗೆ ಪ್ಯಾರಿಸಿನ ಸ್ಪರ್ಧೆಯ ನಡುವೆ ವಿಲ್ಸಳಿಗೆ ಅಪೆಂಡಿಸೈಟಿಸ್ ಆಗಿ ಶಸ್ತ್ರಚಿಕಿತ್ಸೆ ನಡೆಯಿತು. ಬಳಿಕ ಬಂದ ವಿಂಬಲ್ಡನ್ನಿನಲ್ಲಿ ಸುಜಾನಳಿಗೇ ಕೇಡು ಕಾದಿತ್ತು. ಒಂದು ದಿನ ಡಬಲ್ಸಿಗೆ ಮುಂಚೆ ಸಿಂಗಲ್ಸನ್ನೂ ಆಡಬೇಕೆಂಬ ಏರ್ಪಾಡಿನ ವಿಷಯದಲ್ಲಿ ಆಕೆಗೂ ಅಧಿಕಾರಿಗಳಿಗೂ ನಡುವೆ ಮಾತು ತಪ್ಪಿ, ಆಕೆ ತಡವಾಗಿ ಬಂದಳು. ಅಷ್ಟು ಹೊತ್ತೂ ಮೇರಿ ರಾಣಿ ಕಾದು ಕುಳಿತಿದ್ದಳು. ರಾಣಿಯನ್ನು ಕಾಯಿಸಿದಳೆಂಬ ಅಪವಾದ ಹಬ್ಬಿತು. ಏಳು ವರ್ಷ ಹೊತ್ತು ಮೆರೆಸಿದ ಜನವೇ ಮೂದಲಿಸಿತು. ಆಕೆ ಸ್ಪರ್ಧೆಯಿಂದ ಹಿಂದೆ ಸರಿದಳು. ವಿಂಬಲ್ಡನ್ನಿನಲ್ಲಿ ಮತ್ತೆ ಆಡಲಿಲ್ಲ.

ಅದೇ ಆಗಸ್ಟಿನಲ್ಲಿ ಆಕೆ ಅಮೆರಿಕೆಯ ಸಿ. ಸಿ. ಪೈಲ್ ಎಂಬ ಉದ್ಯಮಿಯೊಡನೆ ಐವತ್ತು ಸಾವಿರ ಡಾಲರಿನ ಒಪ್ಪಂದಕ್ಕೆ ಸಹಿ ಮಾಡಿದಳು. ಇದರ ಅರ್ಥವನ್ನು ಇಂದಿನವರಿಗೆ ಬಿಡಿಸಿ ಹೇಳಬೇಕು. ಅಂದಿನ ಟೆನಿಸ್ ಹವ್ಯಾಸಿಗಳ ಆಟ. ಪಂದ್ಯ ನೋಡಲು ಜನ ತೆತ್ತ ಹಣವೆಲ್ಲ ಸಂಘಗಳಿಗೆ. ಆಡಿದವರಿಗೆ ಬಟ್ಟಲು ಮಾತ್ರ. ಹಣ ಪಡೆದು ಆಡಿದವನು ವೃತ್ತಿ ಆಟಗಾರನೆಂದು ಹೊರಗೆ. ಸುಜಾನಳ ವಾದ ಸರಳವಾಗಿತ್ತು. ತನ್ನ ಆಟದಿಂದ ಇತರರು ಅಪಾರವಾಗಿ ಗಳಿಸಿದ್ದಾರೆ. ತಾನು ಮಾತ್ರ ಪ್ರವೇಶಶುಲ್ಕವನ್ನೂ ಕೈಯಿಂದಲೇ ಕೊಟ್ಟಿದ್ದೇನೆ. ಟೆನಿಸ್ ಹೊರತು ಬೇರೆ ಕಸುಬು ತನಗೆ ತಿಳಿಯದು. ಈ ನಿಯಮದಂತೆ ನಡೆದರೆ ಉಳ್ಳವರ ಮಕ್ಕಳಷ್ಟೇ ಆಡಬಲ್ಲರು. ವಾದಕ್ಕೆ ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಬಾಗಿಲನ್ನು ಮುಚ್ಚಿದರು, ಅಷ್ಟೆ. ಅಕ್ಟೋಬರ್ ೯ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಹದಿಮೂರು ಸಾವಿರ ಜನರ ಮುಂದೆ ಆ ಪ್ರವಾಸ ಆರಂಭವಾಯಿತು. ಮೇರಿ ಬ್ರೌನ್ ಎಂಬ ಆಟಗಾರ್ತಿಯೊಡನೆ ಊರೂರಿನಲ್ಲಿ ಆಡಿದ ೩೮ ಪಂದ್ಯಗಳನ್ನೂ ಸುಜಾನ್ ಗೆದ್ದಳು. ಆದರೆ ಗೆಲುವು ಮೊದಲೇ ಗೊತ್ತಿರುವ ಆಟವನ್ನು ಜನ ಎಷ್ಟು ದಿನ ನೋಡಿಯಾರು? ೧೯೨೭ರಲ್ಲಿ ಬ್ರಿಟನ್ನಿನಲ್ಲಿ ಇನ್ನಷ್ಟು ಪಂದ್ಯಗಳು ನಡೆದು ಅದು ನಿಂತಿತು. ಇಪ್ಪತ್ತೆಂಟನೆಯ ವಯಸ್ಸಿಗೇ ಮಹಾಸ್ಪರ್ಧೆಗಳ ಬಾಗಿಲುಗಳೆಲ್ಲ ಆಕೆಯ ಪಾಲಿಗೆ ಮುಚ್ಚಿದ್ದವು. ವಿಂಬಲ್ಡನ್ ವೃತ್ತಿ ಆಟಗಾರರಿಗೆ ತೆರೆದದ್ದು ೧೯೬೮ರಲ್ಲಿ. ಆ ವರ್ಷ ಗಂಡಸರಲ್ಲಿ ಗೆದ್ದ ರಾಡ್ ಲೇವರನಿಗೆ ೨೦೦೦ ಪೌಂಡು, ಹೆಂಗಸರಲ್ಲಿ ಗೆದ್ದ ಬಿಲ್ಲಿ ಜೀನ್ ಕಿಂಗಳಿಗೆ ೭೫೦ ಪೌಂಡು. ಎರಡೂ ಸಮವಾಗಲು ೨೦೦೭ರವರೆಗೆ ಕಾಯಬೇಕಾಯಿತು.

ಈಗ ಆ ಕಾಗದದ ಅಂಕಿಗಳಿಗೆ ಬರೋಣ. ಸುಜಾನಳ ಎಂಟರಲ್ಲಿ ವಿಂಬಲ್ಡನ್ ಆರು, ಫ್ರಾನ್ಸಿನದು ಎರಡು. ೧೯೨೦ರಿಂದ ೧೯೨೩ರವರೆಗೆ ಆಕೆ ತನ್ನ ದೇಶದ ಸ್ಪರ್ಧೆಯನ್ನು ನಾಲ್ಕು ಸಲ ಗೆದ್ದದ್ದೂ ಉಂಟು. ಆದರೆ ಆ ಸ್ಪರ್ಧೆ ಹೊರದೇಶದವರಿಗೆ ತೆರೆದದ್ದು ೧೯೨೫ರಲ್ಲಾದ್ದರಿಂದ ಅವನ್ನು ಲೆಕ್ಕಕ್ಕೆ ಹಿಡಿಯುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಮಣ್ಣಿನಂಗಣದ ವಿಶ್ವಸ್ಪರ್ಧೆಯಲ್ಲಿ ಪಡೆದ ನಾಲ್ಕು ಪ್ರಶಸ್ತಿಗಳು ಯಾರ ಲೆಕ್ಕಕ್ಕೂ ಬಾರವು. ಆಸ್ಟ್ರೇಲಿಯಕ್ಕೆ ಆಕೆ ಹೋಗಲೇ ಇಲ್ಲ. ಆಗ ಅದು ಹಡಗಿನಲ್ಲಿ ವಾರಗಟ್ಟಲೆ ದೂರ. ಆ ದೂರ ಇನ್ನೂ ಹಲವರನ್ನು ತಡೆಯುತ್ತಿದ್ದ ಕಾಲದಲ್ಲಿ, ಅಲ್ಲಿಯೇ ಹುಟ್ಟಿದ ಮಾರ್ಗರೆಟ್ ಕೋರ್ಟ್ ತನ್ನ ೨೪ರಲ್ಲಿ ೧೧ನ್ನು ತನ್ನ ದೇಶದಲ್ಲೇ ಗಳಿಸಿದಳು. ಇದು ಕೋರ್ಟಳ ದೋಷವಲ್ಲ, ಎಣಿಕೆಯ ದೋಷ. ಇನ್ನು ಯಂತ್ರಗಣಕದಿಂದ ಆಟಗಾರ್ತಿಯರ ಶ್ರೇಣಿಯನ್ನು ಕಟ್ಟತೊಡಗಿದ್ದು ೧೯೭೫ರಲ್ಲಿ. ಅದಕ್ಕೆ ಮೊದಲು ವಾಲಿಸ್ ಮೈಯರ್ಸನಂತಹ ಪತ್ರಿಕೋದ್ಯೋಗಿಗಳು ವರ್ಷದ ಕೊನೆಗೆ ತಮ್ಮ ತಿಳಿವಿನಂತೆ ಪಟ್ಟಿ ಬರೆಯುತ್ತಿದ್ದರು. ೧೯೨೧ರಿಂದ ೧೯೨೬ರವರೆಗೆ ಆ ಪಟ್ಟಿಯ ತುದಿಯಲ್ಲಿದ್ದುದು ಒಂದೇ ಹೆಸರು.

ಇದಕ್ಕೆ ಎದುರುವಾದವಿಲ್ಲವೆಂದಲ್ಲ. ಆ ಕಾಲದಲ್ಲಿ ಟೆನಿಸ್ ಆಡುವ ಹೆಂಗಸರೇ ಕಡಮೆ. ಅದರಲ್ಲಿಯೂ ಬಿಡುವುಳ್ಳ ಸಿರಿವಂತರ ಮನೆಯವರೇ ಹೆಚ್ಚು. ಐದು ಪಂದ್ಯಗಳಲ್ಲಿ ಐದೇ ಗೇಮು ಸೋತಳೆಂದರೆ ಎದುರಿಗೆ ನಿಂತವರ ಮಟ್ಟವನ್ನೂ ಕೇಳಬೇಕಾಗುತ್ತದೆ. ಸರಿಸಮಾನಳಾದ ವಿಲ್ಸಳೊಡನೆ ಆಡಿದ್ದು ಒಂದೇ ಸಲ. ಸೆರೀನಾಳ ಬೀಸನ್ನು ಆಕೆ ತಡೆದಾಳೇ ಎಂದು ಒಬ್ಬ ಹುಡುಗ ಕೇಳಿದ್ದ. ತಡೆಯಲಾರಳು. ಅಂದಿನ ಮರದ ರಾಕೆಟ್ಟನ್ನು ಸೆರೀನಾಳ ಕೈಗೆ ಕೊಟ್ಟು, ಅಂದಿನ ಲಂಗವನ್ನು ತೊಡಿಸಿ, ಹಡಗಿನಲ್ಲಿ ಕರೆತಂದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನೂ ಅವನೇ ಕೇಳಿಕೊಳ್ಳಬೇಕಷ್ಟೆ. ಒಬ್ಬಳು ತನ್ನ ಕಾಲದವರಿಗಿಂತ ಎಷ್ಟು ಮೇಲೆ ನಿಂ‌ತಿದ್ದಳೆಂಬುದನ್ನು ಅಳೆಯಬಹುದು; ಆ ಅಳತೆಗೋಲಿನಲ್ಲಿ ಸುಜಾನಳನ್ನು ಮೀರಿದವರು ನನಗೆ ಕಾಣರು. ಬೇರೆ ಗೋಲು ಹಿಡಿದವರಿಗೆ ಬೇರೆ ಹೆಸರು ಕಂಡೀತು.

ಆಟದಿಂದ ಹೊರಬಂದವಳು ಏನು ಮಾಡಿದಳು? ೧೯೨೯ರಲ್ಲಿ ತಂದೆ ತೀರಿಕೊಂಡ. ಪ್ಯಾರಿಸಿನಲ್ಲಿ ಒಂದು ಟೆನಿಸ್ ಶಾಲೆಯನ್ನು ನಡೆಸತೊಡಗಿದಳು; ಫ್ರಾನ್ಸಿನ ಟೆನಿಸ್ ಸಂಘವು ಮುಂದೆ ಅದಕ್ಕೆ ಮನ್ನಣೆಯಿತ್ತಿತು. ಟೆನಿಸ್ ಕಲಿಯುವ ಬಗೆಯನ್ನು ಕುರಿತು ಪುಸ್ತಕಗಳನ್ನು ಬರೆದಳು. ಕರವಸ್ತ್ರದ ಮೇಲೆ ಚೆಂಡನ್ನು ಬೀಳಿಸಿ ಬೆಳೆದವಳು ಮಕ್ಕಳಿಗೆ ಹೇಗೆ ಕಲಿಸುತ್ತಿದ್ದಿರಬಹುದೆಂದು ಶಿಕ್ಷಕನಾದ ನನಗೆ ಆಗಾಗ ಕುತೂಹಲವಾಗುವುದುಂಟು.

೧೯೩೮ರ ಜೂನ್ ತಿಂಗಳಲ್ಲಿ ಆಕೆಗೆ ರಕ್ತದ ಕಾಯಿಲೆಯೆಂದು ವೈದ್ಯರು ಹೇಳಿದರು. ಕೆಲವು ವಾರಗಳಲ್ಲಿಯೇ, ಜುಲೈ ೪ರಂದು, ಪ್ಯಾರಿಸಿನಲ್ಲಿ ತೀರಿಕೊಂಡಳು. ವಯಸ್ಸು ಮೂವತ್ತೊಂಬತ್ತು. ಅದಕ್ಕೆ ಎರಡು ದಿನ ಮುಂಚೆ, ಜುಲೈ ೨ರಂದು, ಹೆಲೆನ್ ವಿಲ್ಸ್ ತನ್ನ ಎಂಟನೆಯ ವಿಂಬಲ್ಡನ್ನನ್ನು ಗೆದ್ದಿದ್ದಳು. ಸುಜಾನಳ ಸಮಾಧಿ ಪ್ಯಾರಿಸಿನ ಸೇಂಟ್ ಊಯೆನ್ ಸ್ಮಶಾನದಲ್ಲಿದೆ.

ಪ್ಯಾರಿಸಿನ ರೋಲಾಂ ಗ್ಯಾರೋ ಕ್ರೀಡಾಂಗಣದಲ್ಲಿ ೧೯೯೪ರಲ್ಲಿ ಕಟ್ಟಿದ ದೊಡ್ಡ ಅಂಗಣಕ್ಕೆ ೧೯೯೭ರಲ್ಲಿ ಆಕೆಯ ಹೆಸರನ್ನಿಟ್ಟರು. ಅಲ್ಲಿ ಸಿಂಗಲ್ಸ್ ಗೆದ್ದ ಮಹಿಳೆಗೆ ಕೊಡುವ ಬೆಳ್ಳಿಯ ಬಟ್ಟಲಿಗೂ ಅದೇ ಹೆಸರು. ಸ್ಟೆಫಿ ಗ್ರಾಫ್ ಅದನ್ನು ಆರು ಸಲ ಎತ್ತಿ ಹಿಡಿದಳು, ಸೆರೀನಾ ಮೂರು ಸಲ. ಮಕ್ಕಳ ಕಾಗದದ ಒಂದು ಮೂಲೆಗೆ ಪತ್ರಿಕೆಯಿಂದ ಕತ್ತರಿಸಿದ ಸೆರೀನಾಳ ಚಿತ್ರವೊಂದನ್ನು ಅಂಟಿಸಿದ್ದರು. ಆಕೆಯ ಕೈಯಲ್ಲಿದ್ದುದು ಆ ಬಟ್ಟಲೇ.